ಬಿಸಿಲುಗಂಟಿ ಓದಿದ ಕರೆಂಟ್ ಬಿಲ್ಲು

ನಮ್ಮೂರಲ್ಲಿ ಬಿಸಿಲು ಬೀಳುವುದು ಒಂದೇ ಕಡೆ, ಊರ ಪಡುವಣಕ್ಕಿರುವ ಬಯಲಿನಲ್ಲಿ. ಅಳೆದರೆ ನಾಲ್ಕು ಎಕರೆಗೆ ಎರಡು ಗುಂಟೆ ಕಡಿಮೆ. ಮಿಕ್ಕ ಊರಿಗೆಲ್ಲ ಹಗಲುಂಟು, ಬೆಳಕುಂಟು, ಬಿಸಿಲಿಲ್ಲ. ಹೊರಗಿನಿಂದ ಬಂದವರು ಮೊದಲ ದಿನ ಆಕಾಶ ನೋಡುತ್ತಾರೆ, ಎರಡನೆಯ ದಿನ ನಮ್ಮ ಮುಖ ನೋಡುತ್ತಾರೆ, ಮೂರನೆಯ ದಿನ ಒದ್ದೆ ಟವೆಲು ಕೈಯಲ್ಲಿ ಹಿಡಿದುಕೊಂಡು ಬಯಲಿಗೆ ದಾರಿ ಯಾವುದು ಎಂದು ಕೇಳುತ್ತಾರೆ. ಕೇಳಿದವರನ್ನು ಊರವರು ನನ್ನ ಹತ್ತಿರ ಕಳಿಸುತ್ತಾರೆ. ನಾನು ಈ ಊರಿನ ಬಿಸಿಲುಗಂಟಿ.

ಬೇರೆ ಊರುಗಳಲ್ಲಿ ಕೆರೆಯ ನೀರು ಹಂಚಲು ನೀರುಗಂಟಿ ಇರುತ್ತಾನಲ್ಲ, ಹಾಗೆ. ನನ್ನ ತಾತ ಬಿಸಿಲುಗಂಟಿ, ಅಪ್ಪ ಬಿಸಿಲುಗಂಟಿ, ಈಗ ಸಣ್ಣೀರಪ್ಪನಾದ ನಾನು. ಬಯಲಿನಲ್ಲಿ ಪ್ರತಿ ಮನೆಗೂ ಕಲ್ಲು ನೆಟ್ಟು ಗುರುತು ಮಾಡಿದ ಒಂದೊಂದು ಪಟ್ಟೆ ಉಂಟು. ಒಬ್ಬರ ಪಟ್ಟೆಯಲ್ಲಿ ಇನ್ನೊಬ್ಬರು ಒಂದು ಕರ್ಚೀಫು ಹರವುವಂತಿಲ್ಲ, ಒಬ್ಬರ ಕೊಡೆಯ ನೆರಳು ಇನ್ನೊಬ್ಬರ ಮೆಣಸಿನಕಾಯಿಯ ಮೇಲೆ ಬೀಳುವಂತಿಲ್ಲ, ಪಟ್ಟೆಯನ್ನು ಕಡ ಕೊಡುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಏನೆಂದರೆ, ಬಿದ್ದ ಬಿಸಿಲನ್ನು ಅಂದೇ ಬಳಸಿ ಮುಗಿಸಬೇಕು. ಬಿಸಿಲನ್ನು ನಾಳೆಗೆ ಎತ್ತಿಡಲು ಬರುವುದಿಲ್ಲವಲ್ಲ. ಮೂರು ದಿನ ಒಂದೇ ಸಮನೆ ಪಟ್ಟೆ ಖಾಲಿ ಬಿದ್ದಿದ್ದರೆ ಪಕ್ಕದ ಮನೆಗೆ ಸೇರುತ್ತದೆ. ಹಾಗಾಗಿ ಒಣಗಿಸಲು ಏನೂ ಇಲ್ಲದ ದಿನ ಜನ ಒಣಗಿದ ಬಟ್ಟೆಯನ್ನೇ ತಂದು ಹರವುತ್ತಿದ್ದರು, ಅದೂ ಇಲ್ಲದಿದ್ದರೆ ಮನೆಯ ಮುದುಕರನ್ನು ಚಾಪೆ ಸಮೇತ ತಂದು ಕೂರಿಸುತ್ತಿದ್ದರು. ಮನೆಗೆ ಹೆಣ್ಣು ತರುವಾಗ ನಾವು ಜಾತಕ ಕೇಳುತ್ತಿರಲಿಲ್ಲ. ಹುಡುಗಿ ಪಟ್ಟೆ ಖಾಲಿ ಬಿಡುವವಳಲ್ಲ ತಾನೆ ಎಂದು ಕೇಳುತ್ತಿದ್ದೆವು.

ಇಂಥ ಊರಿಗೆ ಕಳೆದ ಭಾದ್ರಪದದಲ್ಲಿ ಕರೆಂಟ್ ಆಫೀಸಿನ ನಸೀಮಾ ಮೇಡಂ ಬಂದರು. ಚಿಕ್ಕ ವಯಸ್ಸು, ದೊಡ್ಡ ಚೀಲ, ಯಾರು ಏನು ಕೇಳಿದರೂ ಬೇಸರವಿಲ್ಲದ ಹೆಣ್ಣುಮಗಳು. ಬಯಲಿನಲ್ಲಿ ಸೋಲಾರ್ ಪ್ಯಾನೆಲ್ ಹಾಕುತ್ತೇವೆ, ಯಾರು ತಮ್ಮ ಪಟ್ಟೆ ಕೊಡುತ್ತಾರೋ ಅವರಿಗೆ ಅಲ್ಲಿ ಹುಟ್ಟಿದ ಕರೆಂಟಿನಲ್ಲಿ ಪಾಲು ಸಿಗುತ್ತದೆ, ಆ ಪಾಲನ್ನು ಪ್ರತಿ ತಿಂಗಳೂ ಬಿಲ್ಲಿನಲ್ಲಿ ಜಮೆ ಎಂದು ಬರೆದು ಕಳೆಯುತ್ತೇವೆ ಎಂದರು. ಊರು ಪ್ರಶ್ನೆ ಕೇಳಿತು. ನಮ್ಮ ಪಟ್ಟೆಯ ಕರೆಂಟು ನಮ್ಮ ಮನೆಗೇ ಬರುತ್ತದೆ ಎಂದು ಏನು ಗ್ಯಾರಂಟಿ ಎಂದು ಒಬ್ಬರು ಕೇಳಿದರು. ಬರುವುದಿಲ್ಲ, ಎಲ್ಲರದೂ ಸೇರಿ ಲೈನಿಗೆ ಹೋಗುತ್ತದೆ, ಪಾಲಿನ ಲೆಕ್ಕ ಮಾತ್ರ ನಿಮ್ಮ ಬಿಲ್ಲಿಗೆ ಬರುತ್ತದೆ ಎಂದು ಮೇಡಂ ಹೇಳಿದರು. ಹಾಗಾದರೆ ಮೂವತ್ತು ವರ್ಷ ಒಣಮೀನು ಹರವಿದ ಪಟ್ಟೆಯ ಕರೆಂಟೂ ನಮ್ಮ ಕರೆಂಟೂ ಬೆರೆಯುತ್ತದೆಯೇ ಎಂದು ಕಿರಾಣಿ ಅಂಗಡಿಯ ಗುರುಮಲ್ಲಪ್ಪ ಕೇಳಿದ. ಅದಕ್ಕೂ ಮೇಡಂ ಸಮಾಧಾನದಿಂದಲೇ ಉತ್ತರ ಕೊಟ್ಟರು.

ಮುಕ್ಕಾಲು ಪಾಲು ಮನೆಯವರು ಒಪ್ಪಿದರು. ಕೊಟ್ಟವರ ಪಟ್ಟೆಗಳೆಲ್ಲ ಒಂದೇ ಕಡೆ ಬರುವಂತೆ ಕಲ್ಲು ಕೀಳುವುದು, ನೆಡುವುದು, ಜಗಳ ಬಿಡಿಸುವುದು, ಇದರಲ್ಲಿ ನನಗೆ ಮೂರು ವಾರ ಹೋಯಿತು. ನಮ್ಮ ಮನೆಯಲ್ಲಿ ಎರಡು ಪಟ್ಟೆ. ಒಂದು ನನ್ನ ಹೆಂಡತಿ ದಾಕ್ಷಾಯಣಿಯ ತವರಿನದು. ಅದನ್ನು ಅವಳು ಪ್ಯಾನೆಲ್ಲಿಗೆ ಕೊಟ್ಟಳು. ಇನ್ನೊಂದು ಬಿಸಿಲುಗಂಟಿ ಕೆಲಸಕ್ಕೆ ಇನಾಮಾಗಿ ಬಂದದ್ದು. ಬಯಲಿನಲ್ಲೇ ಅಗಲವಾದ ಪಟ್ಟೆ, ಬಿಸಿಲು ಮೊದಲು ಬೀಳುವುದೂ ಅಲ್ಲಿ, ಕಡೆಗೆ ಹೋಗುವುದೂ ಅಲ್ಲಿಂದ. ಊರಿಗೆಲ್ಲ ಪಟ್ಟೆ ಕೊಡಿ ಕೊಡಿ ಎಂದು ಉಪದೇಶ ಮಾಡಿದ ನಾನು ಅದನ್ನು ಮಾತ್ರ ಕೊಡಲಿಲ್ಲ. ಊಟವಾದ ಮೇಲೆ ನಾನು ಅಲ್ಲಿ ಮಲಗುತ್ತೇನೆ. ಅದೂ ಬಿಸಿಲನ್ನು ಬಳಸುವ ಒಂದು ವಿಧಾನವೇ.

ಬಿಲ್ಲು ಓದುವುದು ಹೇಗೆ ಎಂದು ಹೇಳಿಕೊಡಲು ಮೇಡಂ ಒಂದು ದಿನ ತರಬೇತಿ ಇಟ್ಟರು. ಊರಿನ ಪರವಾಗಿ ನಾನೊಬ್ಬ ಕಲಿತು ಮಿಕ್ಕವರಿಗೆ ಹೇಳುವುದೆಂದು ತೀರ್ಮಾನವಾಯಿತು. ಬಿಸಿಲಿನ ವಿಚಾರ ಇನ್ನಾರಿಗೆ ಗೊತ್ತಿದೆ ಎಂದು ಎಲ್ಲರೂ ಅಂದರು, ನಾನೂ ಅಂದೆ. ತರಬೇತಿಯಲ್ಲಿ ಬೋಂಡಾ ಬಿಸಿಯಾಗಿತ್ತು. ತಿಂದ ಮೇಲೆ ಕಣ್ಣು ತಾನಾಗಿ ಎಳೆಯಿತು. ಎಚ್ಚರವಾದಾಗ ಮೇಡಂ ಹಲಗೆ ಒರೆಸುತ್ತಿದ್ದರು. "ಯಜಮಾನ್ರೇ, ಎಲ್ಲ ಅರ್ಥ ಆಯ್ತಲ್ವಾ?" ಎಂದು ಕೇಳಿದರು. ನಾನು ಗಂಭೀರವಾಗಿ ತಲೆ ತೂಗಿದೆ. ನನ್ನ ಜೀವಮಾನದಲ್ಲಿ ನನಗೆ ಅರ್ಥವಾಗಿಲ್ಲ ಎಂದು ಯಾರ ಮುಂದೆಯೂ ಹೇಳಿದವನಲ್ಲ, ಅಂದು ಶುರು ಮಾಡಲು ಕಾರಣವೂ ಕಾಣಲಿಲ್ಲ.

ಮೊದಲ ಬಿಲ್ಲುಗಳು ಬಂದ ದಿನ ನನ್ನ ಮನೆಯ ಜಗುಲಿಯಿಂದ ಬೀದಿಯ ತಿರುವಿನವರೆಗೆ ಸಾಲು. ಮೊದಲು ನಿಂತವಳು ಹಪ್ಪಳದ ಸಾವಂತ್ರಮ್ಮ. ಗಂಡ ತೀರಿಕೊಂಡು ಹನ್ನೆರಡು ವರ್ಷ. ಹಪ್ಪಳ, ಸಂಡಿಗೆ ಮಾಡಿ ಬದುಕುವವಳು. ಅವಳ ಕೈಯ ಉದ್ದಿನ ಹಪ್ಪಳಕ್ಕೆ ಸುತ್ತಣ ಏಳೂರಲ್ಲಿ ಹೆಸರು. ಅವಳ ಬಿಲ್ಲನ್ನು ನಾನು ದೂರ ಹಿಡಿದೆ, ಹತ್ತಿರ ಹಿಡಿದೆ. ಬಳಸಿದ ಯೂನಿಟ್ಟು ಐವತ್ತೆರಡು ಎಂದಿತ್ತು. ಸೋಲಾರ್ ಜಮೆ ನೂರ ಮೂವತ್ತು ಎಂದಿತ್ತು. ಅದರ ಕೆಳಗೆ ಉಳಿಕೆ ಎಪ್ಪತ್ತೆಂಟು.

ಉಳಿಕೆ ಎಂದು ಕಂಡದ್ದೇ ನಾನು ಕೂತಲ್ಲಿಂದ ಎದ್ದು ನಿಂತೆ. ಬಿಸಿಲುಗಂಟಿಯಾಗಿ ನಲವತ್ತು ವರ್ಷ ನಾನು ಹುಡುಕಿ ಹುಡುಕಿ ಬೈದದ್ದು ಉಳಿದ ಬಿಸಿಲನ್ನೇ. ಈಗ ಅದನ್ನು ಅಚ್ಚು ಹಾಕಿ ಮನೆಮನೆಗೆ ಕಳಿಸಿದ್ದಾರೆ.

"ಇದೇನಮ್ಮ ಸಾವಂತ್ರಮ್ಮ, ಎಪ್ಪತ್ತೆಂಟು ಯೂನಿಟ್ಟು ಖಾಲಿ ಬಿಟ್ಟಿದ್ದೀಯ?"

ಅವಳ ಮುಖ ಸಣ್ಣಗಾಯಿತು. "ನಂಗೇನ್ ಗೊತ್ತಣ್ಣ. ಅಭ್ಯಾಸ ಬಲದಿಂದ ಲೈಟು ಆರಿಸಿಬಿಟ್ಟೆ."

"ಇನ್ಮೇಲೆ ಆರಿಸ್ಬೇಡ. ತಿಂಗಳು ಮುಗಿಯೋದ್ರೊಳಗೆ ಉಳಿಕೆ ಸೊನ್ನೆಗೆ ಬರ್ಬೇಕು. ಬಿಸಿಲು ನಾಳೆಗೆ ಇರ್ತದಾ?"

"ಇರಲ್ಲ."

"ಮತ್ತೆ?"

ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡು, ತಮ್ಮ ತಮ್ಮ ಬಿಲ್ಲು ನೋಡಿಕೊಂಡು, ನಾಚಿಕೆಯಿಂದ ಮಡಿಸಿ ಜೇಬಿಗಿಟ್ಟುಕೊಂಡರು. ಸಾವಂತ್ರಮ್ಮ ಮಾತ್ರ ಇನ್ನೊಂದು ವಿಚಾರ ಕೇಳಿದಳು. ಪಟ್ಟೆ ಕೊಟ್ಟ ಮೇಲೆ ಹಪ್ಪಳ ಒಣಗಿಸಲು ಅವಳಿಗೆ ಜಾಗವಿರಲಿಲ್ಲ. ಪಟ್ಟೆ ಕೊಡು, ಕರೆಂಟಿನ ಒಣಗಿಸುವ ಪೆಟ್ಟಿಗೆ ತಗೋ, ಬಯಲಿನ ಬಿಸಿಲೇ ತಂತಿಯಲ್ಲಿ ಮನೆಗೆ ಬರುತ್ತದೆ ಎಂದು ಅವಳಿಗೆ ಹೇಳಿದವನು ನಾನೇ. ಪೆಟ್ಟಿಗೆ ಕೊಂಡಿದ್ದಳು. ಆ ತಿಂಗಳು ಹಪ್ಪಳಕ್ಕೆ ಗಿರಾಕಿಯಿಲ್ಲ, ಪೆಟ್ಟಿಗೆಯಲ್ಲಿ ಏನಿಡಲಿ ಎಂದು ಕೇಳಿದಳು. ಸುಮ್ಮನೆ ಓಡಿಸು ಎಂದೆ.

ಅಂದಿನಿಂದ ನಮ್ಮೂರು ಗುಂಯ್‌ಗುಡತೊಡಗಿತು. ಮಾಗಿಯ ಚಳಿಯಲ್ಲಿ ಮನೆಮನೆಯಲ್ಲೂ ಫ್ಯಾನು, ಫ್ಯಾನಿನ ಕೆಳಗೆ ಕಂಬಳಿ ಹೊದ್ದ ಜನ. ಅಕ್ಕಿ ಇಲ್ಲದ ಗ್ರೈಂಡರು ತಿರುಗಿತು. ಗುರುಮಲ್ಲಪ್ಪ ಮೊದಲು ಅಂಗಿಗೆ ಇಸ್ತ್ರಿ ಹಾಕಿದ, ಆಮೇಲೆ ಚಡ್ಡಿಗೆ, ಆಮೇಲೆ ಕೈಚೌಕಕ್ಕೆ, ಕಡೆಗೆ ಅಂಗಡಿಯ ಗೋಣಿಚೀಲಗಳಿಗೆ. ನಮ್ಮೂರಲ್ಲಿ ಬೆಲ್ಲ ಕೊಂಡವರಿಗೆ ಗರಿಗರಿಯಾದ ಗೋಣಿಯಿಂದ ತೆಗೆದುಕೊಡುತ್ತಿದ್ದ. ತಿಂಗಳ ಕೊನೆಯ ವಾರದಲ್ಲಂತೂ ನೆಂಟರನ್ನು ಕರೆಸಿ, ಹೀಟರಿನಲ್ಲಿ ಕಾಯಿಸಿ, ತಲೆಗೆ ಬಿಸಿನೀರು ಹುಯ್ಯುತ್ತಿದ್ದರು. ಒಲ್ಲೆ ಎಂದವರಿಗೆ ಎರಡನೆಯ ಸಲವೂ ಹುಯ್ದರು.

ತೊಂದರೆ ಏನಾಯಿತೆಂದರೆ, ಉಳಿಕೆ ಸೊನ್ನೆಗೆ ಬಂದದ್ದು ಯಾವಾಗ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಜನ ಅದನ್ನು ದಾಟಿಕೊಂಡು ಹೋಗುತ್ತಿದ್ದರು. ಎರಡನೆಯ ತಿಂಗಳು ಬಹಳ ಮನೆಗಳಿಗೆ ದುಡ್ಡು ಕಟ್ಟುವ ಬಿಲ್ಲು ಬಂತು. ಅದೂ ಮೊದಲು ಕಟ್ಟುತ್ತಿದ್ದುದಕ್ಕಿಂತ ಜಾಸ್ತಿ. ಕೇಳಲು ಬಂದವರಿಗೆ ನಾನು, ಗುರಿ ಇಟ್ಟು ಹೊಡೆಯುವಾಗ ಸ್ವಲ್ಪ ಹೆಚ್ಚುಕಡಿಮೆ ಆಗುವುದು ಸಹಜ, ಆದರೆ ನೋಡಿ ಉಳಿಕೆ ಸೊನ್ನೆ ಎಂದು ತೋರಿಸಿದೆ. ಅವರಿಗೆ ಸಂತೋಷವಾಯಿತು. ದುಡ್ಡು ಹೋದರೂ ಮರ್ಯಾದೆ ಉಳಿಯಿತಲ್ಲ ಎಂದು ಕೊಂಡಾಡಿಕೊಂಡು ಹೋದರು.

ಹೀಗೆ ನಾಲ್ಕು ತಿಂಗಳು ಕಳೆಯಿತು. ಮಾಘ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಕನ್ನಡಕ ಹುಡುಕುತ್ತ ದಾಕ್ಷಾಯಣಿಯ ಸಾಸಿವೆ ಡಬ್ಬಿಗೆ ಕೈ ಹಾಕಿದೆ. ಕನ್ನಡಕ ಸಿಗಲಿಲ್ಲ, ನಮ್ಮ ಮನೆಯ ಬಿಲ್ಲುಗಳು ಸಿಕ್ಕಿದವು. ಕಣ್ಣು ಕಿರಿದು ಮಾಡಿ ಓದಿದೆ. ಉಳಿಕೆ ನೂರ ಎಂಬತ್ತಾರು. ನನಗೆ ರೇಗಿತು. ಊರಿಗೆಲ್ಲ ಬುದ್ಧಿ ಹೇಳುವ ಬಿಸಿಲುಗಂಟಿಯ ಮನೆಯಲ್ಲೇ ಇಷ್ಟು ಉಳಿಕೆ ಎಂದರೆ ನಾನು ತಲೆ ಎತ್ತಿ ತಿರುಗುವುದು ಹೇಗೆ ಎಂದು ಕೂಗಾಡಿದೆ. ಅವಳು ಸೊಪ್ಪು ಸೋಸುತ್ತಿದ್ದಳು, ಸೋಸುತ್ತಲೇ ಇದ್ದಳು.

"ಕೂಗೋದು ಮುಗೀತಾ? ಈಗ ನಾಲ್ಕೂ ಬಿಲ್ಲು ಸಾಲಾಗಿ ಇಟ್ಕೊಂಡು ನೋಡಿ. ಆ ತಿಂಗಳ ಉಳಿಕೆ ಈ ತಿಂಗಳ ತಲೆ ಮೇಲೆ ಬಂದು ಕೂತದೆ. ಅದರ ಉಳಿಕೆ ಅದರ ಮುಂದಿನ ತಿಂಗಳಿಗೆ. ಎಲ್ಲೂ ಹೋಗಲ್ಲ ಅದು. ವರ್ಷದ ಕೊನೇಲಿ ಒಂದು ಸಲ ಚುಕ್ತಾ ಮಾಡ್ತಾರೆ, ಅಲ್ಲೀತನಕ ನಮ್ದೇ."

"ನಿಂಗ್ಯಾರು ಹೇಳಿದ್ದು?"

"ನಸೀಮಾ ಮೇಡಂ. ತರಬೇತೀಲಿ. ನಾನು ಬೋಂಡಾ ಕರೀತಾ ಕೇಳಿಸ್ಕೊಂಡೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ಎರಡು ಸಲ. ನೀವು ತಲೆ ತೂಗಿದ್ರಿ."

ನಾಲ್ಕು ಬಿಲ್ಲುಗಳನ್ನು ನೆಲದ ಮೇಲೆ ಜೋಡಿಸಿಕೊಂಡು ಕೂತೆ. ಅವಳು ಹೇಳಿದ್ದು ನಿಜ. ಮೊದಲು ನನಗೆ ಗುರುಮಲ್ಲಪ್ಪನ ಗೋಣಿಚೀಲ ನೆನಪಾಗಿ ಸ್ವಲ್ಪ ನಗು ಬಂತು. ಆಮೇಲೆ ಸಾವಂತ್ರಮ್ಮ ನೆನಪಾದಳು, ನಗು ನಿಂತುಹೋಯಿತು. ಮದುವೆ ಕಾಲ ಶುರುವಾಗಿತ್ತು. ಮುಂದಿನ ವಾರ ಶುಕ್ರವಾರದ ಒಂದು ದೊಡ್ಡ ಮದುವೆಗೆ ಅವಳು ಮೂರು ಸಾವಿರ ಹಪ್ಪಳ ಒಪ್ಪಿಕೊಂಡಿದ್ದಳು. ಖಾಲಿ ಪೆಟ್ಟಿಗೆ ಓಡಿಸದೆ ಇದ್ದಿದ್ದರೆ ನಾಲ್ಕು ತಿಂಗಳ ಜಮೆ ಅವಳ ಹೆಸರಿನಲ್ಲಿ ಬಿದ್ದಿರುತ್ತಿತ್ತು, ಮೂರು ಸಾವಿರ ಹಪ್ಪಳ ಪುಕ್ಕಟೆ ಒಣಗುತ್ತಿತ್ತು. ಈಗ ಜಮೆಯೂ ಇಲ್ಲ, ಪಟ್ಟೆಯೂ ಇಲ್ಲ. ಎರಡು ತಿಂಗಳ ಬಿಲ್ಲು ಕಟ್ಟಲಾಗದೆ ಬಾಕಿ ಬೇರೆ ನಿಂತಿತ್ತು.

ಅಂದೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಭಾನುವಾರ ಹೇಳೋಣ ಎಂದುಕೊಂಡೆ. ಭಾನುವಾರ ಅವಳೇ ಎದುರಿಗೆ ಸಿಕ್ಕಿ, "ಈ ಸಲಾನೂ ಉಳಿಕೆ ಸೊನ್ನೆ ಅಣ್ಣ, ಒಂದು ಯೂನಿಟ್ಟೂ ಕೆಡಿಸಿಲ್ಲ" ಎಂದಳು. ಒಳ್ಳೇದಮ್ಮ ಎಂದು ಹೇಳಿ ಹೆಜ್ಜೆ ಜೋರು ಮಾಡಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೂ ಹೆಜ್ಜೆ ನಿಲ್ಲಿಸಲಿಲ್ಲ.

ಸೋಮವಾರ ನಸೀಮಾ ಮೇಡಂ ಬಯಲಿನಲ್ಲಿ ಸಭೆ ಕರೆದರು. ಪ್ಯಾನೆಲ್ಲುಗಳ ನೆರಳಿನಲ್ಲಿ ಜಮಖಾನ ಹಾಸಿ, ಮೇಜಿನ ಮೇಲೆ ಒಂದು ಶಾಲು, ಒಂದು ಹಾರ ಇಟ್ಟಿದ್ದರು. ಊರಿನ ಜನ ನನಗೆ ಗೊತ್ತಿಲ್ಲದ ಹಾಗೆ ಚಂದಾ ಎತ್ತಿ, ಬಿಲ್ಲು ಓದಲು ಕಲಿಸಿದ್ದಕ್ಕೆ ನನಗೆ ಸನ್ಮಾನ ಇಟ್ಟುಕೊಂಡಿದ್ದರು. ಮೇಡಂ ಬಂದದ್ದು ಬೇರೆಯದೇ ಕೆಲಸಕ್ಕೆ.

"ಪ್ಯಾನೆಲ್ ಹಾಕಿದ ಮೇಲೆ ಎಲ್ಲ ಕಡೆ ಬಿಲ್ಲು ಇಳಿಯುತ್ತೆ. ನಿಮ್ಮೂರಲ್ಲಿ ಕರೆಂಟು ಮೂರು ಪಟ್ಟು ಉರೀತಿದೆ. ಹನ್ನೊಂದು ಮನೆ ಬಾಕಿ ನಿಂತಿದೆ. ಬಾಕಿ ಇದ್ರೆ ಲೈನ್ ಕಟ್ ಮಾಡೋದು ನನ್ನ ಕೈಲಿಲ್ಲ, ಲಿಸ್ಟು ಮೇಲಿಂದ ಬರುತ್ತೆ, ಇವತ್ತು ಬಂದಿದೆ. ನಂಗೆ ಒಂದೇ ಒಂದು ಹೇಳಿ. ಉಳಿಕೆ ಇದ್ದಿದ್ದನ್ನ ಯಾಕೆ ಉರಿಸಿದ್ರಿ?"

ಗುರುಮಲ್ಲಪ್ಪ ಎದ್ದು, "ಅದು ನಮ್ಮೂರ ಪದ್ಧತಿ ಮೇಡಂ" ಎಂದು ಕೂತ. ಲಿಸ್ಟಿನಲ್ಲಿ ಮೊದಲ ಹೆಸರು ಯಾರದು ಎಂದು ಯಾರೋ ಕೇಳಿದರು. ಮೇಡಂ ಓದಿದರು. ಸಾವಂತ್ರಮ್ಮ.

ಅವಳು ಕೂತಲ್ಲೇ ಲೆಕ್ಕ ಹಾಕುವುದು ನನಗೆ ಕಾಣುತ್ತಿತ್ತು. ಆಮೇಲೆ ನಿಧಾನವಾಗಿ ಹೇಳಿದಳು. "ಹಿಟ್ಟು ಕಲೆಸಿ ಇಟ್ಟಿದ್ದೀನಿ ಮೇಡಂ. ಸಾವಿರ ಒತ್ತಿ ಪೆಟ್ಟಿಗೇಲಿ ಹಾಕಿದ್ದೀನಿ. ಶುಕ್ರವಾರಕ್ಕೆ ಕೊಡ್ಬೇಕು, ಮುಂಗಡ ಇಸ್ಕೊಂಡು ಉದ್ದು ತಂದಿದ್ದೀನಿ. ಈಗ ಕರೆಂಟು ತೆಗೆದ್ರೆ ಎಲ್ಲ ಬೂಸಲು ಹಿಡೀತದೆ. ಇದೊಂದು ಕೆಟ್ರೆ ನನ್ನ ಹತ್ರ ಇನ್ಯಾರೂ ಹಪ್ಪಳ ಕೇಳೋಕ್ ಬರಲ್ಲ." ನಂತರ ನನ್ನ ಕಡೆ ತಿರುಗಿದಳು. "ಅಣ್ಣ, ಬಿಲ್ಲಿನ ವಿಚಾರ ನಿಮ್ಗೆ ಗೊತ್ತು. ಮೇಡಂಗೆ ನೀವೇ ತಿಳಿಸಿ ಹೇಳಿ."

ನಾನು ಎದ್ದೆ. ಸನ್ಮಾನಕ್ಕೆ ಎದ್ದನೆಂದು ತಿಳಿದು ಯಾರೋ ಚಪ್ಪಾಳೆ ತಟ್ಟಿದರು, ಜನವೆಲ್ಲ ಸೇರಿಸಿದರು. ಚಪ್ಪಾಳೆ ನಿಲ್ಲುವವರೆಗೆ ನಿಂತಿರಬೇಕಾಯಿತು, ಅದರಷ್ಟು ದೊಡ್ಡ ಶಿಕ್ಷೆ ನನಗೆ ಯಾರೂ ಕೊಟ್ಟಿರಲಿಲ್ಲ.

"ಪದ್ಧತಿ ಅಲ್ಲ ಮೇಡಮ್ಮೋರೆ," ಎಂದೆ. "ಉರಿಸಿ ಅಂದೋನು ನಾನು. ತರಬೇತಿ ದಿನ ನಿದ್ದೆ ಮಾಡ್ಬಿಟ್ಟೆ. ಉಳಿಕೆ ಅಂದ್ರೆ ಕೆಟ್ಟದ್ದು ಅಂತ ನಾನೇ ಅಂದ್ಕೊಂಡು ಎಲ್ರಿಗೂ ಹೇಳ್ದೆ. ಅದು ಕೆಡಲ್ಲ, ಮುಂದಿನ ತಿಂಗಳಿಗೆ ಹೋಗ್ತದೆ. ಈಗ ಆರು ದಿನದಿಂದ ನಂಗೆ ಅದು ಗೊತ್ತು. ಆದ್ರೂ ಬಾಯಿ ಬಿಡ್ಲಿಲ್ಲ."

ಊರು ಬೈಯುತ್ತದೆ ಎಂದು ಕಾದೆ. ಬೈಯಲು ಯಾರಿಗೂ ಪುರಸೊತ್ತಿರಲಿಲ್ಲ. ಒಬ್ಬೊಬ್ಬರೂ ಮುಖ ಮುಖ ನೋಡಿಕೊಂಡರು, ಮನೆಯಲ್ಲಿ ಏನೇನು ಓಡುತ್ತಿದೆ ಎಂದು ನೆನಪು ಮಾಡಿಕೊಂಡರು, ಎದ್ದು ಓಡಿದರು. ಜಮಖಾನದ ಸುತ್ತ ಚಪ್ಪಲಿ ಉಳಿಯಿತು. ಸ್ವಲ್ಪ ಹೊತ್ತಿಗೆ ಊರಿನ ಕಡೆಯಿಂದ ಬರುತ್ತಿದ್ದ ಗುಂಯ್ ಶಬ್ದ ಒಂದು ಬೀದಿಯಲ್ಲಿ ನಿಂತಿತು, ಇನ್ನೊಂದರಲ್ಲಿ ನಿಂತಿತು. ನಾಲ್ಕು ತಿಂಗಳ ಮೇಲೆ ನಮ್ಮೂರಲ್ಲಿ ಕಾಗೆ ಕೂಗಿದ್ದು ಕೇಳಿಸಿತು.

ಸಾವಂತ್ರಮ್ಮ ಮಾತ್ರ ಏಳಲಿಲ್ಲ. "ನೀವು ತಪ್ಪು ಒಪ್ಕೊಂಡ್ರಿ, ಸರಿ," ಎಂದಳು. "ಅದರಿಂದ ನನ್ನ ಹಪ್ಪಳ ಒಣಗ್ತದಾ?"

ಬಯಲಿನ ಆ ತುದಿಯಲ್ಲಿ ನನ್ನ ಇನಾಮು ಪಟ್ಟೆ ಬಿಸಿಲಿಗೆ ಬಿದ್ದುಕೊಂಡಿತ್ತು, ಮೇಲೆ ನನ್ನ ಚಾಪೆ, ದಿಂಬು. ಹೋಗಿ ಚಾಪೆ ಸುತ್ತಿದೆ, ದಿಂಬು ಕಂಕುಳಲ್ಲಿ ಇಟ್ಟುಕೊಂಡೆ, ಗುರುತಿನ ಕಲ್ಲಿನ ಮೇಲಿದ್ದ ನನ್ನ ಮನೆಯ ಹೆಸರನ್ನು ಸುಣ್ಣ ಬಳಿದು ಅಳಿಸಿದೆ.

"ಹಪ್ಪಳ ತಗೊಂಡ್ಬಾ," ಎಂದೆ.

"ಕಡ ಕೊಡೋಹಂಗಿಲ್ಲ ಅಂತ ನೀವೇ ಅಲ್ವಾ ಕಟ್ಟಳೆ ಹೇಳ್ತಿದ್ದೋರು?"

"ಕಡ ಅಲ್ಲ. ನಿಂದೇ. ಕೊಟ್ಬಿಟ್ಟೆ."

ಅವಳು ಕೈ ಮುಗಿಯಲಿಲ್ಲ, ಕಣ್ಣೀರೂ ಹಾಕಲಿಲ್ಲ. ಪಟ್ಟೆಯ ಉದ್ದಗಲವನ್ನು ಕಣ್ಣಲ್ಲೇ ಅಳೆದಳು, ಒಂದು ಹರವಿಗೆ ಆರುನೂರು ಹಿಡಿಯುತ್ತದೆ ಎಂದಳು, ಹಳೆಯ ಸೀರೆಗಳನ್ನು ತರಲು ಮನೆಗೆ ಹೋದಳು. ಅಂದು ಸಂಜೆಯೇ ಅವಳ ಮನೆಯ ಲೈನು ಕಟ್ಟಾಯಿತು. ಶುಕ್ರವಾರದವರೆಗೆ ನಮಗೆ ಬೇರೆ ಕೆಲಸವಿರಲಿಲ್ಲ. ಅವಳು ಒತ್ತಿದಳು, ದಾಕ್ಷಾಯಣಿ ಹರವಿದಳು, ನಾನು ಕೋಲು ಹಿಡಿದು ಕಾಗೆ ಓಡಿಸಿದೆ. ಮಧ್ಯಾಹ್ನ ನಿದ್ದೆ ತಡೆಯಲಾಗದೆ ನಿಂತಲ್ಲೇ ತೂಕಡಿಸಿ ಹದಿನೇಳು ಹಪ್ಪಳದ ಮೇಲೆ ಬಿದ್ದೆ. ಅವನ್ನು ಅವಳು ನನ್ನ ಲೆಕ್ಕಕ್ಕೆ ಹಾಕಿದಳು, ಹದಿನೇಳನ್ನೂ ನಾನೇ ಉದ್ದು ಬೀಸಿ ಮಾಡಿಕೊಡಬೇಕಾಯಿತು. ಶುಕ್ರವಾರ ಬೆಳಗ್ಗೆ ಮೂರು ಸಾವಿರ ಹಪ್ಪಳ ಬುಟ್ಟಿಗಳಲ್ಲಿ ಹೋದವು. ಸಂಜೆಗೆ ಅವಳು ಬಾಕಿ ಕಟ್ಟಿ ರಸೀದಿ ತಂದಳು, ಮರುದಿನ ಲೈನು ಬಂತು.

ರಸೀದಿ ತರಲು ಹೋದವಳು ಕರೆಂಟ್ ಆಫೀಸಿನಲ್ಲಿ ನಸೀಮಾ ಮೇಡಂ ಪಕ್ಕ ಕೂತು ಬಿಲ್ಲಿನ ಪ್ರತಿ ಸಾಲಿಗೂ ಅರ್ಥ ಕೇಳಿಕೊಂಡು ಬಂದಿದ್ದಳು. ತಿಳಿಯದ ಕಡೆ ಮೂರು ಮೂರು ಸಲ ಕೇಳಿದಳಂತೆ. ಮುಂದಿನ ಬಿಲ್ಲು ಬಂದ ದಿನ ನನ್ನ ಜಗುಲಿ ಖಾಲಿ ಇತ್ತು. ಸಾಲು ಅವಳ ಮನೆ ಮುಂದೆ ನಿಂತಿತ್ತು. ದಾಕ್ಷಾಯಣಿ ನಮ್ಮ ಬಿಲ್ಲನ್ನು ನನ್ನ ಕೈಗೆ ಕೊಟ್ಟು, ನೀವೂ ಹೋಗಿ ಎಂದಳು. ನಿನಗೆ ಗೊತ್ತಿದೆಯಲ್ಲ, ನೀನೇ ಹೇಳು ಎಂದೆ. ನಾನು ಎರಡು ಸಲ ಹೇಳಿ ಆಗಿದೆ ಎಂದಳು.

ಸಾಲಿನಲ್ಲಿ ನನಗೆ ಮೊದಲ ಜಾಗ ಬಿಟ್ಟುಕೊಟ್ಟರು, ಎಷ್ಟಾದರೂ ಬಿಸಿಲುಗಂಟಿ. ಹಿಂದೆ ಗುರುಮಲ್ಲಪ್ಪ, ಅವನ ಹಿಂದೆ ಅರ್ಧ ಊರು. ಸಾವಂತ್ರಮ್ಮ ಹಪ್ಪಳದ ಮಣೆ ಬದಿಗಿಟ್ಟು, ಕೈ ಒರೆಸಿಕೊಂಡು, ನನ್ನ ಬಿಲ್ಲು ತೆಗೆದುಕೊಂಡಳು. ಇದು ಹೋದ ತಿಂಗಳ ಉಳಿಕೆ, ಇದು ಈ ತಿಂಗಳ ಜಮೆ, ಎರಡೂ ಕೂಡಿ ಇಷ್ಟು, ಬಳಸಿದ್ದು ಕಳೆದರೆ ಇಷ್ಟು, ಇದರ ಕೆಳಗೆ ಮೀಟರ್ ಬಾಡಿಗೆ ಮಾತ್ರ ಜಮೆಯಲ್ಲಿ ಕಳೆಯಲ್ಲ, ಅದನ್ನು ದುಡ್ಡಲ್ಲೇ ಕಟ್ಟಬೇಕು, ಎಂದು ಬೆರಳಿಟ್ಟು ಬೆರಳಿಟ್ಟು ಹೇಳಿದಳು. ಮೀಟರ್ ಬಾಡಿಗೆಯವರೆಗೆ ನನಗೆ ಎಲ್ಲ ಸರಿಯಾಗಿತ್ತು. ಅಲ್ಲಿಂದ ಮುಂದೆ ಏನೂ ತಲೆಗೆ ಹೋಗಲಿಲ್ಲ. ಜಮೆ ಬೆಟ್ಟದಷ್ಟು ಇದ್ದರೂ ಬಾಡಿಗೆ ಯಾಕೆ ಕಟ್ಟಬೇಕು?

"ಅರ್ಥ ಆಯ್ತಾ ಅಣ್ಣ?"

ನನ್ನ ಹಿಂದೆ ಅರ್ಧ ಊರು ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿತ್ತು. ಕಿವಿಯ ತುದಿ ಬಿಸಿಯಾಯಿತು.

"ಇಲ್ಲಮ್ಮ," ಎಂದೆ. "ಅರ್ಥ ಆಗ್ಲಿಲ್ಲ."

ಗುರುಮಲ್ಲಪ್ಪ ಗಂಟಲು ಸರಿಮಾಡಿಕೊಂಡು, "ನಂಗೂ ಆಗಿಲ್ಲ" ಎಂದ. "ನಂಗೆ ಮೊದಲನೇ ತಿಂಗಳಿಂದಾನೂ ಆಗಿಲ್ಲ," ಎಂದಿತು ಅವನ ಹಿಂದಿನ ಧ್ವನಿ. ಅದರ ಹಿಂದಿನವರೂ ಹಾಗೇ ಹೇಳಿದರು, ಅವರ ಹಿಂದಿನವರೂ, ಬೀದಿಯ ತಿರುವಿನವರೆಗೆ.

ಸಾವಂತ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಎಲ್ರೂ ಕೂತ್ಕೊಳ್ಳಿ," ಎಂದಳು. ನಾವೆಲ್ಲ ಬೀದಿಯಲ್ಲೇ ಕೂತೆವು. ಅವಳು ಬಿಲ್ಲನ್ನು ಮೇಲೆತ್ತಿ ಹಿಡಿದು, ಮೊದಲ ಸಾಲಿನಿಂದ ಮತ್ತೆ ಶುರು ಮಾಡಿದಳು.